ಥೋರೋ ಬಟ್ಟೆ ಒಗೆದವರು ಯಾರು?

ಓದುಗರ ಪ್ರಶ್ನೆ: "‘ವಾಲ್ಡನ್’ ಬರೆದ ಥೋರೋ ಕಾಡಿನಲ್ಲಿ ಒಬ್ಬನೇ ಇದ್ದ, ತನ್ನ ಕೆಲಸವನ್ನೆಲ್ಲ ತಾನೇ ಮಾಡಿಕೊಳ್ಳುತ್ತಿದ್ದ ಅಂತ ಓದಿದ್ದೆ. ಈಗ ನೋಡಿದರೆ ಊರಿಗೆ ಹೋಗಿ ಅಮ್ಮನ ಕೈಲಿ ಬಟ್ಟೆ ಒಗೆಸಿಕೊಂಡು, ಊಟ ಮಾಡ್ಕೊಂಡು ಬರ್ತಿದ್ದನಂತೆ. ಹಾಗಾದರೆ ಆ ಸರಳ ಬದುಕೆಲ್ಲ ಸುಮ್ನೆ ನಾಟಕ ಅಲ್ವಾ?"

ಥೋರೋ ಹೆಸರು ಎತ್ತಿದ ಕಡೆಯೆಲ್ಲ ಯಾರಾದರೊಬ್ಬರು ಈ ಬಟ್ಟೆಯ ಮಾತು ತೆಗೆದೇ ತೆಗೆಯುತ್ತಾರೆ. ಹಾಗಾಗಿ ನೇರ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಹೌದು, ಅವನ ಬಟ್ಟೆ ಹೆಚ್ಚಾಗಿ ಬೇರೆ ಕಡೆಯೇ ಒಗೆತ ಕಾಣುತ್ತಿತ್ತು. ಹೌದು, ಊಟಕ್ಕೂ ಆಗಾಗ ಊರಿಗೆ ಹೋಗುತ್ತಿದ್ದ. ಆದರೆ ಇದನ್ನು ಯಾರೋ ಪತ್ತೆದಾರರು ಕಷ್ಟಪಟ್ಟು ಬಯಲಿಗೆಳೆಯಬೇಕಾಗಿರಲಿಲ್ಲ. ಎರಡನ್ನೂ ಅವನೇ ತನ್ನ ಪುಸ್ತಕದಲ್ಲಿ ಬರೆದಿದ್ದಾನೆ, ಅದೂ ಮೊದಲ ಅಧ್ಯಾಯದಲ್ಲೇ. ಹಾಗಾಗಿ ನಾಟಕ ಅನ್ನುವ ಆರೋಪ ನಿಲ್ಲುವುದಿಲ್ಲ. ಹಾಗಂತ ಅವನನ್ನು ಪೂರ್ತಿ ಖುಲಾಸೆ ಮಾಡಲೂ ನನಗೆ ಮನಸ್ಸಿಲ್ಲ. ಆ ಬಟ್ಟೆಯ ಗಂಟಿನೊಳಗೆ ಇನ್ನೊಂದು ತಕರಾರು ಇದೆ. ಅದು ಇದಕ್ಕಿಂತ ಗಟ್ಟಿ.

ಕಾಡು ಅಂದರೆ ಎಷ್ಟು ಕಾಡು?

ಹೆನ್ರಿ ಡೇವಿಡ್ ಥೋರೋ ಹುಟ್ಟಿದ್ದು 1817ರ ಜುಲೈ 12ರಂದು, ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಕಾಂಕರ್ಡ್ ಎಂಬ ಸಣ್ಣ ಊರಿನಲ್ಲಿ. ಅಪ್ಪ ಜಾನ್ ಥೋರೋಗೆ ಪೆನ್ಸಿಲ್ ತಯಾರಿಕೆಯ ಕೆಲಸ. ಅಮ್ಮ ಸಿಂಥಿಯಾ ಮನೆಯಲ್ಲೇ ಊಟ-ವಸತಿಗೆ ಜನರನ್ನು ಇಟ್ಟುಕೊಂಡು ನಾಲ್ಕು ಕಾಸು ಸಂಪಾದಿಸುತ್ತಿದ್ದಳು. ಹೆಲೆನ್, ಜಾನ್, ಹೆನ್ರಿ, ಸೋಫಿಯಾ ಎಂದು ನಾಲ್ಕು ಮಕ್ಕಳು. ಹೆನ್ರಿ 1837ರಲ್ಲಿ ಹಾರ್ವರ್ಡ್‌ನಲ್ಲಿ ಓದು ಮುಗಿಸಿ ಊರಿಗೆ ವಾಪಸ್ ಬಂದ. ಆಮೇಲೆ ನಡುವೆ ಒಂದಿಷ್ಟು ದಿನ ಬಿಟ್ಟರೆ ಸಾಯುವ ತನಕ ಆ ಊರಿನಲ್ಲೇ ಇದ್ದ.

ವಾಲ್ಡನ್ ಕೊಳ ಇರೋದು ಆ ಊರಿನಿಂದ ದಕ್ಷಿಣಕ್ಕೆ ಒಂದೂವರೆ ಮೈಲಿ ದೂರದಲ್ಲಿ. ನಮ್ಮ ಲೆಕ್ಕದಲ್ಲಿ ಎರಡೂವರೆ ಕಿಲೋಮೀಟರ್ ಕೂಡ ಇಲ್ಲ, ಸರಿಯಾಗಿ ನಡೆದರೆ ಅರ್ಧ ಗಂಟೆಯ ದಾರಿ. ಕೊಳದ ಪಕ್ಕದಲ್ಲೇ ಫಿಚ್‌ಬರ್ಗ್ ಕಡೆಯ ರೈಲು ಹಾದುಹೋಗುತ್ತಿತ್ತು. ಊರಿಗೆ ಹೋಗಬೇಕಾದರೆ ಥೋರೋ ಆ ಹಳಿಯ ಪಕ್ಕದಲ್ಲೇ ನಡೆದು ಹೋಗುತ್ತಿದ್ದ. ರೈಲಿನ ನೌಕರರು ಅವನನ್ನು ಎಷ್ಟೋ ಸಲ ನೋಡಿ ಅಭ್ಯಾಸವಾಗಿ, ತಮ್ಮದೇ ಇಲಾಖೆಯವನು ಅಂದುಕೊಂಡು ನಮಸ್ಕಾರ ಹೊಡೆಯುತ್ತಿದ್ದರಂತೆ. ಇನ್ನು ಜಾಗ? ಅದು ಅವನ ಗೆಳೆಯ, ಹಿರಿಯ ಲೇಖಕ ರಾಲ್ಫ್ ವಾಲ್ಡೊ ಎಮರ್ಸನ್ 1844ರಲ್ಲಿ ಕೊಂಡಿದ್ದ ಭೂಮಿ. ಬಾಡಿಗೆ ಕಟ್ಟುವ ಮಾತಿರಲಿಲ್ಲ.

1845ರ ಜುಲೈ 4ಕ್ಕೆ ಅಲ್ಲಿ ವಾಸಕ್ಕೆ ಹೋದ. 1847ರ ಸೆಪ್ಟೆಂಬರ್ 6ಕ್ಕೆ ಬಿಟ್ಟು ಬಂದ. ಸರಿಯಾಗಿ 2 ವರ್ಷ, 2 ತಿಂಗಳು, 2 ದಿನ. ಆ ಅವಧಿಯಲ್ಲಿ ದಿನಕ್ಕೋ ಎರಡು ದಿನಕ್ಕೋ ಒಮ್ಮೆ ಊರಿನ ಸುದ್ದಿ-ಗಾಳಿಸುದ್ದಿ ಕೇಳಲು ಹೋಗುತ್ತಿದ್ದೆ ಎಂದು ಅವನೇ ಹೇಳುತ್ತಾನೆ. ಮನೆಯಲ್ಲಿ ಮೂರು ಕುರ್ಚಿ ಇದ್ದವು. ಒಂದು ಏಕಾಂತಕ್ಕೆ, ಎರಡು ಗೆಳೆತನಕ್ಕೆ, ಮೂರು ಸಮಾಜಕ್ಕೆ. ಒಮ್ಮೊಮ್ಮೆ 25-30 ಜನ ಒಟ್ಟಿಗೆ ಆ ಒಂದೇ ಕೋಣೆಯಲ್ಲಿ ತುಂಬಿಕೊಂಡಿದ್ದೂ ಉಂಟಂತೆ. ನಾನು ಸ್ವಭಾವದಿಂದ ಸನ್ಯಾಸಿಯಲ್ಲ ಅಂತ ಬಾಯಿಬಿಟ್ಟೇ ಬರೆದಿದ್ದಾನೆ.

ಹಾಗಾದರೆ ಸನ್ಯಾಸಿಯ ಈ ಚಿತ್ರ ಎಲ್ಲಿಂದ ಬಂತು? ಸ್ವಲ್ಪ ತಪ್ಪು ಅವನದೇ. ಪುಸ್ತಕದ ಮೊದಲ ವಾಕ್ಯದಲ್ಲೇ ಕಾಡಿನಲ್ಲಿ ಒಬ್ಬನೇ ಇದ್ದೆ, ಯಾವ ನೆರೆಮನೆಯಿಂದಲೂ ಒಂದು ಮೈಲಿ ದೂರ ಅಂತ ಜೋರಾಗಿಯೇ ಶುರು ಮಾಡುತ್ತಾನೆ. ಪುಸ್ತಕದ ಹೆಸರಿನ ಜೊತೆ ‘ಕಾಡಿನ ಬದುಕು’ ಎಂಬ ಉಪಶೀರ್ಷಿಕೆ ಬೇರೆ ಇತ್ತು. ಸಾಯುವ ಮುಂಚೆ, 1862ರಲ್ಲಿ, ಅದನ್ನು ತೆಗೆದುಹಾಕಿ ಎಂದು ಪ್ರಕಾಶಕರಿಗೆ ಕಾಗದ ಬರೆದ. ಅಷ್ಟರಲ್ಲಿ ಜನರ ತಲೆಯಲ್ಲಿ ಅದು ಕೂತುಬಿಟ್ಟಿತ್ತು. ಇನ್ನು ನಮ್ಮ ಕಡೆಯವರಿಗಂತೂ ಒಬ್ಬ ಮನುಷ್ಯ ಕಾಡಿಗೆ ಹೋದ ಅಂದ ಕೂಡಲೇ ತಪಸ್ಸು, ವಾನಪ್ರಸ್ಥ, ಗೆಡ್ಡೆ-ಗೆಣಸು ಇವೇ ನೆನಪಾಗೋದು. ಆ ಅಳತೆಗೋಲು ಹಿಡಿದರೆ ಅಮ್ಮನ ಮನೆ ಊಟ ಅಪರಾಧದ ಹಾಗೆ ಕಾಣುತ್ತದೆ. ಅವನು ಆ ಪರೀಕ್ಷೆಗೆ ಕೂತವನೇ ಅಲ್ಲ.

ಮತ್ತೆ ಹೋಗಿದ್ದು ಯಾಕೆ?

ಎರಡು ಕಾರಣ. ಒಂದು, ಬರೆಯೋದಕ್ಕೆ ಒಂದು ಜಾಗ ಬೇಕಿತ್ತು. ಮನೆ ತುಂಬ ಜನ. ಅಮ್ಮ, ಅಪ್ಪ, ಅಕ್ಕ, ತಂಗಿ, ಅತ್ತೆಯರು, ದುಡ್ಡು ಕೊಟ್ಟು ಉಳಿದುಕೊಂಡವರು. ಅವನ ತಲೆಯಲ್ಲಿದ್ದ ಪುಸ್ತಕವಾದರೋ ಹಗುರದ್ದಲ್ಲ. ಅಣ್ಣ ಜಾನ್ ಜೊತೆ 1839ರಲ್ಲಿ ಕಾಂಕರ್ಡ್ ಮತ್ತು ಮೆರಿಮ್ಯಾಕ್ ನದಿಗಳಲ್ಲಿ ದೋಣಿ ಪ್ರವಾಸ ಮಾಡಿದ್ದ. ಇಬ್ಬರೂ ಸೇರಿ ಊರಿನಲ್ಲಿ ಒಂದು ಶಾಲೆ ನಡೆಸಿದ್ದರು. 1842ರ ಜನವರಿಯಲ್ಲಿ ಜಾನ್ ಕ್ಷೌರದ ಕತ್ತಿ ಮಸೆಯುವಾಗ ಬೆರಳಿಗೆ ಸಣ್ಣ ಗಾಯ ಮಾಡಿಕೊಂಡ. ಅದು ಧನುರ್ವಾಯುವಿಗೆ ತಿರುಗಿತು. ಕೆಲವೇ ದಿನದಲ್ಲಿ ತಮ್ಮನ ತೋಳಿನಲ್ಲಿ ಪ್ರಾಣ ಬಿಟ್ಟ. ಆಮೇಲೆ ಹೆನ್ರಿಗೂ ಅದೇ ಕಾಯಿಲೆಯ ಲಕ್ಷಣ ಕಾಣಿಸಿಕೊಂಡಿತ್ತು. ಗಾಯ ಇರಲಿಲ್ಲ, ಕಾಯಿಲೆಯೂ ಇರಲಿಲ್ಲ, ದುಃಖವೇ ಹಾಗೆ ಮಾಡಿತ್ತು. ಆ ದೋಣಿ ಪ್ರವಾಸದ ಪುಸ್ತಕವನ್ನು ಅವನು ವಾಲ್ಡನ್ ಮನೆಯಲ್ಲಿ ಕೂತು ಬರೆದು ಮುಗಿಸಿದ.

ಅದರ ಗತಿಯನ್ನೂ ಇಲ್ಲೇ ಹೇಳಿಬಿಡುತ್ತೇನೆ. 1849ರಲ್ಲಿ ಸ್ವಂತ ಖರ್ಚಿನಲ್ಲಿ 1000 ಪ್ರತಿ ಅಚ್ಚಾಯಿತು. ನಾಲ್ಕು ವರ್ಷದ ನಂತರ ಪ್ರಕಾಶಕರು ಮಾರಾಟವಾಗದ 706 ಪ್ರತಿಗಳನ್ನು ಮನೆಗೆ ವಾಪಸ್ ಕಳಿಸಿದರು. ಬೆನ್ನ ಮೇಲೆ ಹೊತ್ತು ಮೆಟ್ಟಿಲು ಹತ್ತಿಸಿ ಜೋಡಿಸಿಟ್ಟ. "ಈಗ ನನ್ನ ಹತ್ತಿರ ಸುಮಾರು 900 ಪುಸ್ತಕಗಳ ಲೈಬ್ರರಿ ಇದೆ, ಅದರಲ್ಲಿ 700ಕ್ಕಿಂತ ಹೆಚ್ಚು ನಾನೇ ಬರೆದದ್ದು" ಅಂತ ದಿನಚರಿಯಲ್ಲಿ ಬರೆದುಕೊಂಡ. ಇಂಥ ನಗೆ ಬರುವವನನ್ನು ನಾನು ಅಷ್ಟು ಸುಲಭವಾಗಿ ಆಷಾಢಭೂತಿ ಅನ್ನಲಾರೆ.

ಎರಡನೇ ಕಾರಣವೇ ನಮ್ಮ ಪ್ರಶ್ನೆಗೆ ಬೇಕಾದದ್ದು. ಒಬ್ಬ ಮನುಷ್ಯ ಬದುಕೋದಕ್ಕೆ ನಿಜವಾಗಿ ಎಷ್ಟು ಬೇಕು? ಅದನ್ನು ಬಾಯಿಮಾತಿನಲ್ಲಿ ಬಿಡದೆ, ಕಾಸು ಕಾಸಿನ ಲೆಕ್ಕ ಇಟ್ಟು ನೋಡಬೇಕು ಅನ್ನೋದು ಅವನ ಹಟ.

ಆ ಲೆಕ್ಕ ಓದೋದೇ ಒಂದು ಮಜಾ. 1845ರ ಮಾರ್ಚ್ ಕೊನೆಯಲ್ಲಿ ಒಂದು ಕೊಡಲಿ ಎರವಲು ತಂದು ಪೈನ್ ಮರ ಕಡಿಯಲು ಶುರು ಮಾಡಿದ. ತಂದಾಗಿನದಕ್ಕಿಂತ ಹರಿತ ಮಾಡಿ ವಾಪಸ್ ಕೊಟ್ಟೆ ಎಂದು ಸ್ವಲ್ಪ ಜಂಭದಿಂದಲೇ ಹೇಳಿಕೊಳ್ಳುತ್ತಾನೆ. ಹಲಗೆಗಾಗಿ ಜೇಮ್ಸ್ ಕಾಲಿನ್ಸ್ ಎಂಬ ಐರಿಶ್ ರೈಲ್ವೆ ಕೂಲಿಯ ಗುಡಿಸಲನ್ನು 4 ಡಾಲರ್ 25 ಸೆಂಟಿಗೆ ಕೊಂಡ. ರಾತ್ರಿ ದುಡ್ಡು, ಬೆಳಿಗ್ಗೆ 5 ಗಂಟೆಗೆ ಅವರು ಜಾಗ ಖಾಲಿ ಮಾಡಬೇಕು, 6 ಗಂಟೆಗೆ ಇವನ ವಶ. ಮುಂಜಾನೆ ದಾರಿಯಲ್ಲಿ ಆ ಸಂಸಾರ ಎದುರಾಯಿತು. ಒಂದೇ ಒಂದು ದೊಡ್ಡ ಗಂಟಿನಲ್ಲಿ ಅವರ ಸರ್ವಸ್ವ: ಹಾಸಿಗೆ, ಕಾಫಿ ಬೀಸುವ ಯಂತ್ರ, ಕನ್ನಡಿ, ಕೋಳಿಗಳು. ಬೆಕ್ಕು ಮಾತ್ರ ಕಾಡಿಗೆ ಓಡಿಹೋಗಿ, ಆಮೇಲೆ ಯಾವುದೋ ಬೋನಿಗೆ ಸಿಕ್ಕಿ ಸತ್ತಿತು. ಥೋರೋ ಗುಡಿಸಲು ಕಳಚಿ ಹಲಗೆಗಳನ್ನು ಸಾಗಿಸುತ್ತಿದ್ದರೆ, ಪಕ್ಕದಲ್ಲಿ ನಿಂತಿದ್ದ ಒಬ್ಬ ಇನ್ನೂ ನೆಟ್ಟಗಿದ್ದ ಮೊಳೆಗಳನ್ನು ಆರಿಸಿ ಜೇಬಿಗೆ ಹಾಕಿಕೊಳ್ಳುತ್ತಿದ್ದ.

ಹತ್ತು ಅಡಿ ಅಗಲ, ಹದಿನೈದು ಅಡಿ ಉದ್ದದ ಮನೆ ಎದ್ದಿತು. ಹಳೆಯ ಇಟ್ಟಿಗೆ ಸಾವಿರಕ್ಕೆ 4 ಡಾಲರ್. ಗಾಜು ಸಮೇತ ಎರಡು ಸೆಕೆಂಡ್ ಹ್ಯಾಂಡ್ ಕಿಟಕಿಗೆ 2 ಡಾಲರ್ 43 ಸೆಂಟ್. ಮೊಳೆಗೆ 3 ಡಾಲರ್ 90. ಚಿಲಕಕ್ಕೆ 10 ಸೆಂಟ್, ಸೀಮೆಸುಣ್ಣಕ್ಕೆ 1 ಸೆಂಟ್. ಎರಡು ಪೀಪಾಯಿ ಸುಣ್ಣಕ್ಕೆ 2 ಡಾಲರ್ 40, ಪಕ್ಕದಲ್ಲಿ ‘ಇದು ಜಾಸ್ತಿಯಾಯಿತು’ ಎಂದು ಒಂದು ಗೊಣಗು. ಸಾಗಾಟಕ್ಕೆ 1 ಡಾಲರ್ 40, ‘ಬಹಳಷ್ಟನ್ನು ಬೆನ್ನ ಮೇಲೆ ಹೊತ್ತೆ’ ಎಂಬ ಟಿಪ್ಪಣಿ. ಒಟ್ಟು 28 ಡಾಲರ್ 12½ ಸೆಂಟ್. ಆ ಅರ್ಧ ಸೆಂಟನ್ನೂ ಬಿಟ್ಟಿಲ್ಲ ನೋಡಿ. ಆಗ ಹಾರ್ವರ್ಡ್‌ನಲ್ಲಿ ವಿದ್ಯಾರ್ಥಿಯ ಒಂದು ಕೋಣೆಗೆ ವರ್ಷದ ಬಾಡಿಗೆಯೇ 30 ಡಾಲರ್ ಇತ್ತು. ಅವರ ಒಂದು ವರ್ಷದ ಬಾಡಿಗೆಗಿಂತ ಕಡಿಮೆಯಲ್ಲಿ ಜೀವಮಾನಕ್ಕಾಗುವ ಮನೆ ನನ್ನದು ಅಂತ ಕುಟುಕುತ್ತಾನೆ.

ಎಂಟು ತಿಂಗಳ ಆಹಾರಕ್ಕೆ 8 ಡಾಲರ್ 74 ಸೆಂಟ್. ಪಟ್ಟಿಯಲ್ಲಿ ಮೊದಲ ಹೆಸರು ಅಕ್ಕಿ, 1 ಡಾಲರ್ 73½ ಸೆಂಟ್. ಭಾರತದ ತತ್ವಶಾಸ್ತ್ರವನ್ನು ಇಷ್ಟೊಂದು ಹಚ್ಚಿಕೊಂಡವನು ಮುಖ್ಯವಾಗಿ ಅಕ್ಕಿಯ ಮೇಲೆ ಬದುಕೋದು ಸರಿಯಾಗೇ ಇದೆ ಎಂದು ತಮಾಷೆ ಮಾಡುತ್ತಾನೆ. ಸುಳ್ಳಲ್ಲ, ಭಗವದ್ಗೀತೆಯ ಇಂಗ್ಲಿಷ್ ಅನುವಾದವನ್ನು ಕೊಳದ ಪಕ್ಕದಲ್ಲಿ ಕೂತು ಓದುತ್ತಿದ್ದ. 1846-47ರ ಚಳಿಗಾಲದಲ್ಲಿ ನೂರು ಜನ ಐರಿಶ್ ಕೂಲಿಗಳು ಬಂದು ಕೊಳದ ಮೇಲಿನ ಮಂಜುಗಡ್ಡೆಯನ್ನು ಕತ್ತರಿಸಿ ಗುಡ್ಡೆ ಹಾಕಿದರು. ಆ ಕಾಲದಲ್ಲಿ ಬಾಸ್ಟನ್‌ನಿಂದ ಮದ್ರಾಸು, ಬೊಂಬಾಯಿ, ಕಲ್ಕತ್ತಾಗೆ ಹಡಗಿನಲ್ಲಿ ಐಸ್ ಬರುತ್ತಿತ್ತು. ಮದರಾಸಿನ ಮರೀನಾ ಬಳಿ ಇರುವ ಐಸ್ ಹೌಸ್ ಆ ವ್ಯಾಪಾರಕ್ಕೇ 1842ರಲ್ಲಿ ಕಟ್ಟಿದ ಕಟ್ಟಡ, ಮುಂದೆ ವಿವೇಕಾನಂದರು ತಂಗಿದ್ದೂ ಅಲ್ಲೇ. ಈ ಊರುಗಳ ಜನ ನನ್ನ ಬಾವಿಯ ನೀರು ಕುಡಿಯುತ್ತಾರೆ, ವಾಲ್ಡನ್ ನೀರು ಗಂಗೆಯಲ್ಲಿ ಬೆರೆಯುತ್ತದೆ ಎಂದು ಥೋರೋ ಉಬ್ಬಿ ಬರೆದ. ನಿಜದಲ್ಲಿ ಆ ವರ್ಷದ ಗುಡ್ಡೆಯಲ್ಲಿ ಒಂದಿಷ್ಟು ಮಾತ್ರ ಸಾಗಿಸಿದರು, ಮಿಕ್ಕದ್ದು ಅಲ್ಲೇ ನಿಂತು 1848ರ ಸೆಪ್ಟೆಂಬರ್ ಹೊತ್ತಿಗೆ ಕರಗಿ ಮತ್ತೆ ಕೊಳ ಸೇರಿತು. ಅದನ್ನೂ ಅವನೇ ಬರೆದಿದ್ದಾನೆ!

ಇರಲಿ, ವಿಷಯಕ್ಕೆ ಬರೋಣ. ಈ ಲೆಕ್ಕದ ಹಿಂದೆ ಒಂದು ಯೋಚನೆ ಇದೆ. ಒಂದು ವಸ್ತುವಿನ ಬೆಲೆ ಅಂದರೆ ಅದಕ್ಕಾಗಿ ನೀನು ಕೊಡಬೇಕಾದ ಆಯುಷ್ಯ ಎಷ್ಟು ಅನ್ನೋದು. ರೈಲಿನ ಉದಾಹರಣೆ ಕೊಡುತ್ತಾನೆ. ಫಿಚ್‌ಬರ್ಗ್‌ಗೆ 30 ಮೈಲಿ, ಟಿಕೆಟ್ 90 ಸೆಂಟ್. ಅದು ಹೆಚ್ಚುಕಡಿಮೆ ಒಂದು ದಿನದ ಕೂಲಿ. ನಾನು ಈಗಲೇ ನಡೆದು ಹೊರಟರೆ ಕತ್ತಲಾಗುವ ಮುಂಚೆ ಅಲ್ಲಿರುತ್ತೇನೆ. ನೀನು ಮೊದಲು ದಿನವೆಲ್ಲ ದುಡಿದು ಟಿಕೆಟ್ ದುಡ್ಡು ಸಂಪಾದಿಸಬೇಕು, ಆಮೇಲೆ ರೈಲು ಹತ್ತಬೇಕು. ಬಂದು ಸೇರೋದು ನಾಳೆಗೆ, ಅದೃಷ್ಟವಿದ್ದರೆ ಇವತ್ತು ಸಂಜೆಗೆ. ಹಾಗಾದರೆ ಬೇಗ ಹೋದವರು ಯಾರು? ಇಎಂಐ ಕಟ್ಟಿ ಕಾರು ಕೊಂಡು, ಆ ಕಾರಿನಲ್ಲಿ ಬೆಂಗಳೂರಿನ ರಿಂಗ್ ರೋಡಲ್ಲಿ ನಿಂತಿರುವವರಿಗೆ ಈ ಲೆಕ್ಕ ತಕ್ಷಣ ಅರ್ಥವಾಗುತ್ತದೆ. ಇಡೀ ಪುಸ್ತಕದಲ್ಲಿ ನನಗೆ ಬಹಳ ಹಿಡಿಸಿದ ಮಾತು ಇದು. ಬಟ್ಟೆಯ ತಕರಾರು ಇವನ ಬುಡಕ್ಕೆ ಬರೋದೂ ಈ ಮಾತಿನಿಂದಲೇ.

ಬಾರದ ಬಿಲ್ಲು

ಆಹಾರ, ಬಟ್ಟೆ, ಎಣ್ಣೆ ಎಲ್ಲದರ ಖರ್ಚು ಹೇಳಿ ಮುಗಿಸುವಾಗ ಥೋರೋ ಒಂದು ಸಾಲು ಸೇರಿಸುತ್ತಾನೆ. ಇಷ್ಟೇ ನನ್ನ ಖರ್ಚು, ಬಟ್ಟೆ ಒಗೆಯೋದು ಮತ್ತು ರಿಪೇರಿ ಮಾಡೋದು ಬಿಟ್ಟು. ಅವು ಹೆಚ್ಚಾಗಿ ಮನೆಯ ಹೊರಗೆ ನಡೆದವು, ಅವುಗಳ ಬಿಲ್ಲು ಇನ್ನೂ ಬಂದಿಲ್ಲ. ಅಷ್ಟೇ. ಮುಂದಿನ ಸಾಲಿಗೆ ಹೋಗಿಬಿಡುತ್ತಾನೆ.

ಅಮ್ಮ ಒಗೆದಳು ಎಂದು ಪುಸ್ತಕದಲ್ಲಿ ಎಲ್ಲೂ ಇಲ್ಲ. ಆ ಕಾಲದ ಕಾಂಕರ್ಡ್‌ನಲ್ಲಿ ಅನುಕೂಲವಿದ್ದ ಮನೆಗಳಲ್ಲಿ ಇಂಥ ಕೆಲಸಕ್ಕೆ ಐರಿಶ್ ಹೆಣ್ಣುಮಕ್ಕಳನ್ನು ಇಟ್ಟುಕೊಳ್ಳೋದು ಸಾಮಾನ್ಯವಾಗಿತ್ತು. ಬಚ್ಚಲಲ್ಲಿ ಕೂತವರು ಅಮ್ಮನೋ, ಅಕ್ಕ-ತಂಗಿಯೋ, ಕೆಲಸದ ಹುಡುಗಿಯೋ, ಒಟ್ಟಿನಲ್ಲಿ ಹೆಂಗಸರು.

1840ರ ದಶಕದಲ್ಲಿ ಬಟ್ಟೆ ಒಗೆಯೋದು ಅಂದರೆ ಈಗಿನ ಹಾಗೆ ಬಟನ್ ಒತ್ತಿ ಮರೆಯುವ ಕೆಲಸವಲ್ಲ. ನ್ಯೂ ಇಂಗ್ಲೆಂಡಿನ (ಕಾಂಕರ್ಡ್ ಇರುವ ಈಶಾನ್ಯ ಅಮೆರಿಕದ ಭಾಗ) ಮನೆಗಳಲ್ಲಿ ಸೋಮವಾರ ಪೂರ್ತಿ ಅದಕ್ಕೇ ಮೀಸಲು. ಬಾವಿಯಿಂದ ನೀರು ಸೇದಿ ಹೊರಬೇಕು. ಸೌದೆ ಒಟ್ಟಿ ಹಂಡೆಯಲ್ಲಿ ಕಾಯಿಸಬೇಕು. ಕೈ ಸುಡುವಂಥ ಕ್ಷಾರದ ಸಾಬೂನು ಹಾಕಿ ಉಜ್ಜಬೇಕು, ಕುದಿಸಬೇಕು, ಜಾಲಿಸಬೇಕು, ಹಿಂಡಬೇಕು. ಚಳಿಗಾಲದಲ್ಲಿ ಹಗ್ಗದ ಮೇಲೆ ಹರವಿದ ಅಂಗಿ ಮರದ ಹಲಗೆಯಷ್ಟು ಸೆಟೆದು ನಿಲ್ಲುತ್ತಿತ್ತು. ಮಂಗಳವಾರ ಒಲೆಯ ಮೇಲೆ ಕಾಯಿಸಿದ ಕಬ್ಬಿಣದ ಪೆಟ್ಟಿಗೆಯಲ್ಲಿ ಇಸ್ತ್ರಿ. ವಾರಕ್ಕೆ ಎರಡು ದಿನ ಇದಕ್ಕೇ ಹೋದವು.

ಈಗ ಅವನದೇ ಅಳತೆಯಿಂದ ಅಳೆಯಿರಿ. ಬೆಲೆ ಅಂದರೆ ಕೊಟ್ಟ ಆಯುಷ್ಯ ಅಂತಾದರೆ, ಈ ಎರಡು ದಿನದಲ್ಲಿ ಅವನ ಪಾಲಿನ ಗಂಟೆಗಳು ಯಾರ ಆಯುಷ್ಯದಿಂದ ಬಂದವು? ಸೀಮೆಸುಣ್ಣದ 1 ಸೆಂಟ್ ಬರೆದವನು ಇದನ್ನು ಬರೆಯಲಿಲ್ಲ. ಒಟ್ಟು ಖರ್ಚು 61 ಡಾಲರ್ 99¾ ಸೆಂಟ್ ಎಂದು ಗೆರೆ ಎಳೆದ. ಆ ಮುಕ್ಕಾಲು ಸೆಂಟಿನ ಖಚಿತತೆಯೇ ನನಗೆ ಇಲ್ಲಿ ಚುಚ್ಚುತ್ತದೆ. ಮನೆ ಕಟ್ಟಿದ ಲೆಕ್ಕದಲ್ಲಿ ಮರ, ಕಲ್ಲು, ಮರಳನ್ನೂ ಸೇರಿಸಿಲ್ಲ. ಅವು ಎಮರ್ಸನ್ ಜಾಗದವು. ಆದರೆ ಅದನ್ನು ಅಲ್ಲಿ ಬೀಡುಬಿಟ್ಟವನ ಹಕ್ಕು ಎಂದು ಹೆಸರಿಟ್ಟು ದಾಖಲಿಸಿದ್ದಾನೆ. ಬಟ್ಟೆಗೆ ಸಿಕ್ಕಿದ್ದು ಬರೀ ಒಂದು ಹಾಸ್ಯ.

ಅದು ಹಾಸ್ಯವೇ, ಅನುಮಾನ ಬೇಡ. ಬಿಲ್ಲು ಯಾವತ್ತೂ ಬರೋದಿಲ್ಲ ಅಂತ ಅವನಿಗೆ ಗೊತ್ತು. ಅದೇ ಅಧ್ಯಾಯದಲ್ಲಿ ‘ಹೊಸ ಬಟ್ಟೆ ಬೇಕಾಗುವ ಯಾವ ಉದ್ಯೋಗವಾದರೂ ಅದರ ಬಗ್ಗೆ ಎಚ್ಚರ’ ಎಂದು ಬುದ್ಧಿ ಹೇಳುವವನು, ಹಳೆಯ ಬಟ್ಟೆಗೆ ತೇಪೆ ಹಾಕಿದ ಕೈಗಳ ಬಗ್ಗೆ ಇನ್ನೆರಡು ಸಾಲು ಬರೆಯಬಹುದಿತ್ತು.

ಇದಕ್ಕಿಂತ ನನಗೆ ಸಿಟ್ಟು ಬರಿಸೋದು ಹತ್ತನೇ ಅಧ್ಯಾಯ, ‘ಬೇಕರ್ ಫಾರ್ಮ್’. ಒಂದು ದಿನ ಮಳೆಗೆ ಸಿಕ್ಕಿ ಥೋರೋ ಜಾನ್ ಫೀಲ್ಡ್ ಎಂಬ ಐರಿಶ್ ಕೂಲಿಯ ಮನೆ ಹೊಕ್ಕ. ಸೋರುವ ಮಾಡು. ಗಂಡ, ಹೆಂಡತಿ, ಹಲವು ಮಕ್ಕಳು. ಮನೆಯೊಳಗೇ ಓಡಾಡುವ ಕೋಳಿಗಳು. ಜಾನ್ ಒಬ್ಬ ರೈತನ ಜೌಗು ಭೂಮಿಯನ್ನು ಅಗೆಯುವ ಕೆಲಸ ಮಾಡುತ್ತಿದ್ದ. ಥೋರೋ ಅವನಿಗೆ ಉಪದೇಶ ಶುರು ಮಾಡಿದ. ನೋಡು, ನಾನು ಚಹಾ ಕುಡಿಯಲ್ಲ, ಕಾಫಿ ಇಲ್ಲ, ಬೆಣ್ಣೆ ಇಲ್ಲ, ಹಾಲು ಇಲ್ಲ, ತಾಜಾ ಮಾಂಸ ಇಲ್ಲ. ಅದಕ್ಕೇ ನಾನು ಅಷ್ಟು ದುಡಿಯಬೇಕಾಗಿಲ್ಲ. ನೀನೂ ಬಿಟ್ಟರೆ ಬೇಸಿಗೆಯಲ್ಲಿ ಹೆಂಡತಿ-ಮಕ್ಕಳ ಜೊತೆ ಹಣ್ಣು ಆರಿಸಲು ಆರಾಮಾಗಿ ಹೋಗಬಹುದು. ಜಾನ್ ನಿಟ್ಟುಸಿರು ಬಿಟ್ಟ. ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ಇವನನ್ನೇ ದಿಟ್ಟಿಸಿದಳು.

ಆ ಹೆಂಗಸಿನ ನೋಟ ಬರೆದಿಟ್ಟಿದ್ದಕ್ಕೆ ಥೋರೋಗೆ ಒಂದು ಅಂಕ ಕೊಡೋಣ. ಆದರೆ ಅದೇ ಪುಟದಲ್ಲಿ ಅವಳ ಬಗ್ಗೆ ಇನ್ನೊಂದು ಮಾತಿದೆ. ಅವಳ ಕೈಯಲ್ಲಿ ನೆಲ ಒರೆಸುವ ಬಟ್ಟೆ ಯಾವಾಗಲೂ ಇತ್ತಂತೆ, ಒರೆಸಿದ ಗುರುತು ಮಾತ್ರ ಎಲ್ಲೂ ಕಾಣಲಿಲ್ಲವಂತೆ. ಸೋರುವ ಮನೆ, ಕೆಸರು ಮೆತ್ತಿಕೊಂಡು ಬರುವ ಗಂಡ, ಕೈಗೂಸು, ಕೋಳಿ. ಅವಳು ಒರೆಸುತ್ತಲೇ ಇದ್ದಾಳೆ, ನೆಲ ಕೊಳೆಯಾಗುತ್ತಲೇ ಇದೆ. ಮನೆಗೆಲಸದ ಗುಣವೇ ಅದು, ಮಾಡಿದ್ದು ಕಾಣೋದಿಲ್ಲ. ಅದನ್ನು ನೋಡಿ ನಗುವವನು ಮದುವೆಯಾಗದ, ಮಕ್ಕಳಿಲ್ಲದ, 28 ವರ್ಷದ ಹಾರ್ವರ್ಡ್ ಪದವೀಧರ. ಒಗೆದ ಬಟ್ಟೆಯ ಬಿಲ್ಲು ಬಾರದವನು. ನೀವು ಥೋರೋ ಮೇಲೆ ಕೇಸು ಹಾಕೋದಾದರೆ ಈ ಪುಟದ ಮೇಲೆ ಹಾಕಿ, ಗೆಲ್ಲುತ್ತೀರಿ.

ಬಾಕಿ ಕಟ್ಟಿದ ಹೆಂಗಸರು

1846ರ ಜುಲೈನಲ್ಲಿ ಥೋರೋ ಒಂದು ರಾತ್ರಿ ಜೈಲಿನಲ್ಲಿ ಕಳೆದ ಕಥೆ ನಿಮಗೆ ಗೊತ್ತಿರಬಹುದು. ರಿಪೇರಿಗೆ ಕೊಟ್ಟಿದ್ದ ಶೂ ತರಲು ಕಾಡಿನಿಂದ ಊರಿಗೆ ಬಂದಿದ್ದ. ತೆರಿಗೆ ವಸೂಲಿಯೂ ಜೈಲೂ ಎರಡನ್ನೂ ನೋಡಿಕೊಳ್ಳುತ್ತಿದ್ದ ಸ್ಯಾಮ್ ಸ್ಟೇಪಲ್ಸ್ ಹಿಡಿದು ತಲೆಗಂದಾಯ ಕೇಳಿದ. ಗುಲಾಮಗಿರಿಯನ್ನು ಕಾಪಾಡುವ, ಮೆಕ್ಸಿಕೋ ಮೇಲೆ ಯುದ್ಧಕ್ಕೆ ಹೋಗುವ ಸರ್ಕಾರಕ್ಕೆ ಕೊಡಲ್ಲ ಎಂದ. ಬೇಕಾದರೆ ನಾನೇ ಕಟ್ಟುತ್ತೇನೆ ಅಂದ ಸ್ಟೇಪಲ್ಸ್, ಅದಕ್ಕೂ ಒಪ್ಪಲಿಲ್ಲ. ಮರುದಿನ ಬೆಳಿಗ್ಗೆ ಬಿಡುಗಡೆ, ಯಾಕೆಂದರೆ ರಾತ್ರಿಯೇ ಯಾರೋ ಬಂದು ಬಾಕಿ ಕಟ್ಟಿ ಹೋಗಿದ್ದರು. ಅದು ಸೋದರತ್ತೆ ಮರಿಯಾ ಎಂದು ಹೆಚ್ಚಿನವರ ನಂಬಿಕೆ. ಥೋರೋ ‘ಯಾರೋ ಮಧ್ಯ ಪ್ರವೇಶಿಸಿ ಕಟ್ಟಿದರು’ ಎಂದಷ್ಟೇ ಬರೆದ. ಅಲ್ಲಿಂದ ಹೊರಟವನು ಶೂ ತೆಗೆದುಕೊಂಡು, ಗೆಳೆಯರ ಜೊತೆ ಹಣ್ಣು ಕೀಳಲು ಗುಡ್ಡಕ್ಕೆ ಹೋದ.

ಆ ರಾತ್ರಿಯಿಂದ ಹುಟ್ಟಿದ ಭಾಷಣ 1849ರಲ್ಲಿ ಪ್ರಬಂಧವಾಗಿ ಅಚ್ಚಾಯಿತು. ಈಗ ಎಲ್ಲರೂ ಕರೆಯುವ ‘ಸಿವಿಲ್ ಡಿಸ್‌ಒಬೀಡಿಯನ್ಸ್’ ಎಂಬ ಹೆಸರು ಅವನು ಸತ್ತ ಮೇಲೆ, 1866ರಲ್ಲಿ ಬಂದದ್ದು. ಗಾಂಧೀಜಿ ಅದನ್ನು ದಕ್ಷಿಣ ಆಫ್ರಿಕಾದಲ್ಲಿ ಓದಿ, 1907ರಲ್ಲಿ ‘ಇಂಡಿಯನ್ ಒಪಿನಿಯನ್’ ಪತ್ರಿಕೆಯಲ್ಲಿ ಪರಿಚಯಿಸಿದರು. ಆದರೆ ಸತ್ಯಾಗ್ರಹದ ಕಲ್ಪನೆ ಥೋರೋನಿಂದ ಬಂತು ಅನ್ನೋದು ತಪ್ಪು, ಪ್ರಬಂಧ ಕೈಗೆ ಸಿಗುವ ಹೊತ್ತಿಗೆ ನಮ್ಮ ಹೋರಾಟ ಸಾಕಷ್ಟು ಮುಂದೆ ಹೋಗಿತ್ತು ಎಂದು 1935ರ ಒಂದು ಪತ್ರದಲ್ಲಿ ಅವರೇ ಸ್ಪಷ್ಟ ಮಾಡಿದ್ದಾರೆ.

ನಾನು ಹೇಳಹೊರಟದ್ದು ಬೇರೆ. ಗುಲಾಮಗಿರಿಯ ಮೇಲಿನ ಆ ಸಿಟ್ಟು ಹೆನ್ರಿಗೆ ಎಲ್ಲಿಂದ ಬಂತು? ಪುಸ್ತಕದಿಂದಲ್ಲ, ಮನೆಯಿಂದ. 1837ರಲ್ಲಿ ಕಾಂಕರ್ಡ್‌ನ ಹೆಂಗಸರು ಗುಲಾಮಗಿರಿ ವಿರೋಧಿ ಸಂಘ ಕಟ್ಟಿದಾಗ ಅಮ್ಮ ಸಿಂಥಿಯಾ, ಅಕ್ಕ ಹೆಲೆನ್, ತಂಗಿ ಸೋಫಿಯಾ ಮೂವರೂ ಅದರಲ್ಲಿದ್ದರು. ಊರಿನ ದೊಡ್ಡ ಗಂಡಸರು, ಎಮರ್ಸನ್ ಕೂಡ, ಈ ವಿಷಯದಲ್ಲಿ ಬಾಯಿ ಬಿಡಲು ವರ್ಷಗಟ್ಟಲೆ ತೆಗೆದುಕೊಂಡರು. ಜೈಲಿನಿಂದ ಬಂದ ಕೆಲವೇ ದಿನದಲ್ಲಿ, 1846ರ ಆಗಸ್ಟ್ 1ರಂದು, ಆ ಸಂಘದ ಸಭೆ ನಡೆದದ್ದು ವಾಲ್ಡನ್‌ನ ಆ ಸಣ್ಣ ಮನೆಯ ಬಾಗಿಲಲ್ಲಿ. ತಪ್ಪಿಸಿಕೊಂಡು ಬಂದ ಗುಲಾಮರಿಗೆ ಥೋರೋ ಮನೆಯಲ್ಲಿ ಆಸರೆ ಸಿಗುತ್ತಿತ್ತು. 1851ರಲ್ಲಿ ಅಂಥ ಒಬ್ಬನಿಗೆ ಹೆನ್ರಿಯೇ ಟಿಕೆಟ್ ತೆಗೆಸಿ ಕೆನಡಾ ಕಡೆಯ ರೈಲು ಹತ್ತಿಸಿದ. ‘ಅಮ್ಮನ ಮನೆಗೆ ಬಟ್ಟೆ ಕೊಡಲು ಹೋಗುತ್ತಿದ್ದ’ ಅಂತ ನಗುವಾಗ ಆ ಅಮ್ಮನನ್ನು ಬರೀ ಬಟ್ಟೆ ಒಗೆಯುವವಳನ್ನಾಗಿ ಮಾಡಿಬಿಡುತ್ತೇವೆ. ಅವನು ಅಲ್ಲಿಂದ ತಂದದ್ದು ಒಗೆದ ಅಂಗಿ ಮಾತ್ರ ಅಲ್ಲ.

ಕೊಡುವ ಕಡೆಯ ಲೆಕ್ಕವನ್ನೂ ಹೇಳಬೇಕು, ಇಲ್ಲದಿದ್ದರೆ ಅನ್ಯಾಯ. ಮನೆಯಲ್ಲಿ ಹೆನ್ರಿ ಕೂತು ಉಣ್ಣುವ ಮಗನಾಗಿರಲಿಲ್ಲ. 1844ರಲ್ಲಿ ಅಪ್ಪ ಹೊಸ ಮನೆ ಕಟ್ಟುವಾಗ ನೆಲಮಾಳಿಗೆ ಅಗೆದು ಕಲ್ಲು ಕಟ್ಟಿದವನು ಅವನು. ಗ್ರಾಫೈಟ್ ಜೊತೆ ಜೇಡಿಮಣ್ಣು ಬೆರೆಸುವ ವಿಧಾನ ಕಂಡುಕೊಂಡು ಅಪ್ಪನ ಪೆನ್ಸಿಲ್ಲನ್ನು ಅಮೆರಿಕದಲ್ಲೇ ಒಳ್ಳೆಯದು ಎನ್ನುವಂತೆ ಮಾಡಿದ. ಆಮೇಲೆ ಭೂಮಾಪನದ ಕೆಲಸ ಮಾಡಿದ. ಅಪ್ಪ ತೀರಿಕೊಂಡ ಮೇಲೆ ಮನೆಯ ವ್ಯಾಪಾರ ನೋಡಿಕೊಂಡ.

ಇನ್ನೊಂದು ವಿಷಯ. ಆ ಶತಮಾನದ ಬೇರೆ ಯಾವ ದೊಡ್ಡ ಲೇಖಕನಿಗೆ ನಾವು ಈ ಪ್ರಶ್ನೆ ಕೇಳುತ್ತೇವೆ ಹೇಳಿ? ಟಾಲ್‌ಸ್ಟಾಯ್ ಹೆಂಡತಿ ಸೋಫಿಯಾ 13 ಮಕ್ಕಳನ್ನು ಹೆತ್ತು, ಎಸ್ಟೇಟು ನೋಡಿಕೊಂಡು, ರಾತ್ರಿ ಕೂತು ‘ಯುದ್ಧ ಮತ್ತು ಶಾಂತಿ’ಯ ಕರಡನ್ನು ಮತ್ತೆ ಮತ್ತೆ ಪ್ರತಿ ಮಾಡಿದಳು. ಡಿಕನ್ಸ್ ಹೆಂಡತಿ ಕ್ಯಾಥರೀನ್ 10 ಮಕ್ಕಳನ್ನು ಹೆತ್ತಳು, 1858ರಲ್ಲಿ ಅವನು ಅವಳನ್ನು ಮನೆಯಿಂದ ದೂರ ಮಾಡಿದ. ಡಿಕನ್ಸ್ ಅಂಗಿ ಒಗೆದವರು ಯಾರು ಅಂತ ಯಾರೂ ಕೇಳೋದಿಲ್ಲ. ಥೋರೋನನ್ನೇ ಯಾಕೆ ಹಿಡಿಯುತ್ತೇವೆ ಅಂದರೆ, ಅವನು ಎಲ್ಲರ ಮುಂದೆ ಲೆಕ್ಕದ ಪುಸ್ತಕ ತೆರೆದಿಟ್ಟ. ತೆರೆದಿಟ್ಟವನ ಲೆಕ್ಕದಲ್ಲಿ ಮಾತ್ರ ತಪ್ಪು ಹುಡುಕಬಹುದು. ಅವನು ಆ ಒಂದು ಸಾಲನ್ನು ಬರೆಯದೇ ಇದ್ದಿದ್ದರೆ ನೀವು ಇವತ್ತು ಈ ಪ್ರಶ್ನೆ ಕೇಳುತ್ತಲೇ ಇರಲಿಲ್ಲ.

‘ವಾಲ್ಡನ್’ ಅಚ್ಚಾಗಿದ್ದು ಕಾಡು ಬಿಟ್ಟ ಏಳು ವರ್ಷದ ಮೇಲೆ, 1854ರ ಆಗಸ್ಟ್ 9ಕ್ಕೆ. ಅಷ್ಟರಲ್ಲಿ ಏಳು ಸಲ ತಿದ್ದಿ ಬರೆದಿದ್ದ. ಎರಡು ವರ್ಷದ ಬದುಕನ್ನು ಒಂದೇ ವರ್ಷದ ಕಥೆಯಾಗಿ ಹೆಣೆದ. ಅಂದರೆ ಅದು ಡೈರಿಯಲ್ಲ, ಕೂತು ಕಟ್ಟಿದ ಬರಹ. ಮೊದಲ ಮುದ್ರಣದ ಶೀರ್ಷಿಕೆ ಪುಟದಲ್ಲಿರುವ ಮನೆಯ ಚಿತ್ರ ಬರೆದವಳು ತಂಗಿ ಸೋಫಿಯಾ. 1862ರ ಮೇ 6ರಂದು, 44ನೇ ವಯಸ್ಸಿನಲ್ಲಿ, ಕ್ಷಯದಿಂದ ಥೋರೋ ತೀರಿಕೊಂಡ. ಕೊನೆಯ ದಿನಗಳಲ್ಲಿ ಬರೆಯಲು ಆಗದೆ ಹೇಳಿ ಬರೆಸಿದಾಗ ಬರೆದುಕೊಂಡವಳೂ ಅವಳೇ. ಅವನು ಸತ್ತ ಮೇಲೆ ಹಸ್ತಪ್ರತಿಗಳನ್ನು ಕಾಪಾಡಿ, ‘ದಿ ಮೇನ್ ವುಡ್ಸ್’ ಮೊದಲಾದ ಪುಸ್ತಕಗಳು ಹೊರಬರುವಂತೆ ನೋಡಿಕೊಂಡವಳೂ ಅವಳೇ. ಈ ಬಿಲ್ಲೂ ಬಂದ ಹಾಗಿಲ್ಲ.

ಹಾಗಾದರೆ ಓದಬೇಕಾ ಬೇಡವಾ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಓದಿ. ಮೊದಲ ಅಧ್ಯಾಯ ವಿಪರೀತ ಉದ್ದ, ಉಪದೇಶವೂ ಜಾಸ್ತಿ. ಬೇಸರ ಬಂದರೆ ಖರ್ಚಿನ ಪಟ್ಟಿಗಳನ್ನಷ್ಟೇ ನೋಡಿಕೊಂಡು ಕೊಳದ ಆಳ ಅಳೆಯುವ ಅಧ್ಯಾಯಕ್ಕೆ ಹಾರಿ. ಆ ಕೊಳಕ್ಕೆ ತಳವೇ ಇಲ್ಲ ಎಂದು ಊರಿನವರು ನಂಬಿದ್ದರು. ಇವನು ಹೆಪ್ಪುಗಟ್ಟಿದ ನೀರಿನ ಮೇಲೆ ನಡೆದು, ದಾರಕ್ಕೆ ಒಂದೂವರೆ ಪೌಂಡಿನ ಕಲ್ಲು ಕಟ್ಟಿ ನೂರಕ್ಕೂ ಹೆಚ್ಚು ಕಡೆ ಇಳಿಸಿ, ಅತಿ ಆಳ 102 ಅಡಿ ಎಂದು ಹೇಳಿದ. ಈಗಿನ ಉಪಕರಣಗಳೂ ಹೆಚ್ಚುಕಡಿಮೆ ಅಷ್ಟನ್ನೇ ತೋರಿಸುತ್ತವೆ. ಜಾನ್ ಫೀಲ್ಡ್ ಮನೆಯ ಅಧ್ಯಾಯವನ್ನೂ ಬಿಡಬೇಡಿ. ಆದರೆ ಅದನ್ನು ಆ ಹೆಂಗಸು ನಿಂತ ಜಾಗದಿಂದ ಓದಿ.